ಪುಟ ಚಲಿಸುವುದು ಹೇಗೆ, ಎಡವುವುದು ಎಲ್ಲಿ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಜಾಲತಾಣಗಳಲ್ಲಿ ಚಲಿಸುವ, ಮುಟ್ಟಿದರೆ ಸ್ಪಂದಿಸುವ ಅಂಶಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಕೋಡ್ ಸಾಲುಗಳನ್ನು ಅಚ್ಚು ಹಾಕಿಲ್ಲ. ಯಾವ ಗುಣವನ್ನು (ಪ್ರಾಪರ್ಟಿ) ಮುಟ್ಟಬೇಕು, ಯಾಕೆ ಎಂಬುದನ್ನು ಮಾತಿನಲ್ಲೇ ಹೇಳಿದ್ದೇವೆ.

ಪ್ರಶ್ನೆ (ದಾವಣಗೆರೆ): ಮೊದಲೆಲ್ಲ ಏನು ಒತ್ತಿದರೂ ಪುಟ ಪೂರ್ತಿ ಮತ್ತೆ ಲೋಡ್ ಆಗುತ್ತಿತ್ತು. ಈಗ ಬೇಕಾದಷ್ಟು ಭಾಗ ಮಾತ್ರ ಬದಲಾಗುತ್ತದೆ. ಬಟನ್ ಒತ್ತಿದ ಮೇಲೆ ಒಳಗೆ ನಡೆಯುವುದೇನು? ಕೆಲವು ತಾಣಗಳಲ್ಲಿ ಒತ್ತಿದರೂ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲವಲ್ಲ, ಯಾಕೆ?

ಉತ್ತರ: ಸರ್ವರ್‌ನಿಂದ ಬಂದ ಎಚ್‌ಟಿಎಂಎಲ್ ಅನ್ನು, ಅಂದರೆ ಪುಟದ ರಚನೆ ಹೇಳುವ ಬರಹವನ್ನು, ಬ್ರೌಸರ್ ಹಾಗೇ ತೋರಿಸುವುದಿಲ್ಲ. ಮೊದಲು ಅದರಿಂದ ಒಂದು ಮರದ ರಚನೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಡಾಮ್ ಎಂದು ಹೆಸರು. ಪ್ರತಿ ಪ್ಯಾರಾ, ಚಿತ್ರ, ಬಟನ್ ಈ ಮರದ ಒಂದೊಂದು ಗೆಣ್ಣು. ಪುಟಕ್ಕೆ ಚಲನೆ ಕೊಡುವ ಕೋಡ್ ಭಾಷೆ ಜಾವಾಸ್ಕ್ರಿಪ್ಟ್ ಬೇಕಾದ ಗೆಣ್ಣಿನ ಮೇಲೆ ‘ಇದನ್ನು ಒತ್ತಿದರೆ ಈ ಕೆಲಸ ಮಾಡು’ ಎಂದು ಒಂದು ಲಿಸನರ್ ಇಟ್ಟಿರುತ್ತದೆ. ನೀವು ಒತ್ತಿದಾಗ ಆ ಸುದ್ದಿ ಮರದ ಬೇರಿನಿಂದ ಬಟನ್‌ವರೆಗೆ ಇಳಿದು, ಮತ್ತೆ ಬೇರಿನ ಕಡೆ ಏರುತ್ತದೆ. ಏರುವ ದಾರಿಯಲ್ಲಿ ಅದನ್ನು ಯಾರು ಬೇಕಾದರೂ ಹಿಡಿಯಬಹುದು. ಹೀಗಾಗಿ 200 ಸಾಮಾನುಗಳ ಪಟ್ಟಿಗೆ 200 ಲಿಸನರ್ ಬೇಕಿಲ್ಲ. ಪಟ್ಟಿಯ ಹೊರಚೌಕಟ್ಟಿನ ಮೇಲೆ ಒಂದಿದ್ದರೆ ಸಾಕು. ಆಮೇಲೆ ಸೇರಿಸಿದ ಸಾಮಾನಿಗೂ ಅದೇ ಕೆಲಸ ಮಾಡುತ್ತದೆ.

ಲಿಸನರ್ ಮರದಲ್ಲಿ ಏನನ್ನಾದರೂ ಬದಲಿಸಿದರೆ ಬ್ರೌಸರ್ ನಾಲ್ಕು ಹಂತಗಳಲ್ಲಿ ತೆರೆಯನ್ನು ಹೊಸದು ಮಾಡುತ್ತದೆ. ಯಾವುದಕ್ಕೆ ಯಾವ ಶೈಲಿ ಅನ್ವಯಿಸುತ್ತದೆ ಎಂದು ನೋಡುವುದು, ಯಾವುದು ಎಲ್ಲಿ ಎಷ್ಟು ಜಾಗದಲ್ಲಿ ಕೂರಬೇಕೆಂದು ಅಳೆಯುವುದು, ಬಣ್ಣ ತುಂಬುವುದು, ಕೊನೆಗೆ ಪದರಗಳನ್ನು ಜೋಡಿಸಿ ತೆರೆಗೆ ಕಳಿಸುವುದು. ಎರಡನೆಯದನ್ನು ಲೇಔಟ್, ಮೂರನೆಯದನ್ನು ಪೇಂಟ್, ನಾಲ್ಕನೆಯದನ್ನು ಕಾಂಪೊಸಿಟ್ ಎನ್ನುತ್ತಾರೆ. ಈ ಮೂರು ಹೆಸರು ನೆನಪಿರಲಿ, ಮುಂದಿನ ಉತ್ತರಗಳಲ್ಲಿ ಬೇಕಾಗುತ್ತವೆ.

ಹೊಸ ಮಾಹಿತಿ ಬೇಕಿದ್ದರೆ ಪುಟವನ್ನು ಕದಲಿಸದೆ ಹಿನ್ನೆಲೆಯಲ್ಲೇ ಸರ್ವರನ್ನು ಕೇಳಬಹುದು. ಈ ಸೌಲಭ್ಯ 1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲೇ ಇತ್ತು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಜನ ಅದರ ಬಲ ಕಂಡರು. ಅಜಾಕ್ಸ್ ಎಂಬ ಹೆಸರು ಅಂಟಿಕೊಂಡದ್ದೂ 2005ರಲ್ಲೇ. ಈಗ ಅದೇ ಕೆಲಸಕ್ಕೆ ಫೆಚ್ ಎಂಬ ಸರಳ ಸೌಲಭ್ಯವಿದೆ.

ಇನ್ನು ತಡವಾಗುವ ಮಾತು. ಜಾವಾಸ್ಕ್ರಿಪ್ಟ್ ಓಡಿಸುವುದು, ಶೈಲಿ ನೋಡುವುದು, ಲೇಔಟ್ ಅಳೆಯುವುದು, ನಿಮ್ಮ ಒತ್ತುವಿಕೆಯನ್ನು ಕೇಳಿಸಿಕೊಳ್ಳುವುದು ಎಲ್ಲವೂ ಮೇನ್ ಥ್ರೆಡ್ ಎಂಬ ಒಂದೇ ಸಾಲಿನಲ್ಲಿ ನಡೆಯುತ್ತವೆ. ಒಬ್ಬರೇ ಗುಮಾಸ್ತರಿರುವ ಕೌಂಟರ್ ಇದ್ದ ಹಾಗೆ: ಮುಂದೆ ನಿಂತವರ ದೊಡ್ಡ ಕೆಲಸ ಮುಗಿಯುವವರೆಗೆ ಹಿಂದಿನವರ ಸಣ್ಣ ಕೆಲಸವೂ ಆಗುವುದಿಲ್ಲ. ಯಾವುದೋ ಜಾಹೀರಾತಿನ ಸ್ಕ್ರಿಪ್ಟ್ 400 ಮಿಲಿಸೆಕೆಂಡ್ ಕೂತುಬಿಟ್ಟರೆ ನಿಮ್ಮ ಒತ್ತು ಅಷ್ಟು ಹೊತ್ತು ಕಾಯುತ್ತದೆ. ಒತ್ತಿದ ಕ್ಷಣದಿಂದ ತೆರೆಯ ಮೇಲೆ ಬದಲಾವಣೆ ಕಾಣುವವರೆಗಿನ ಸಮಯಕ್ಕೆ ಗೂಗಲ್ ಐಎನ್‌ಪಿ ಎಂಬ ಅಳತೆ ಇಟ್ಟಿದೆ. 200 ಮಿಲಿಸೆಕೆಂಡ್ ಒಳಗಿದ್ದರೆ ಚೆನ್ನ, 500 ದಾಟಿದರೆ ಕಳಪೆ. 2024ರ ಮಾರ್ಚ್‌ನಿಂದ ಇದು ತಾಣದ ಗುಣಮಟ್ಟದ ಮುಖ್ಯ ಅಳತೆಗಳಲ್ಲಿ ಒಂದು.

ತಾಣ ಕಟ್ಟುವವರು ಮೂರು ಕೆಲಸ ಮಾಡಬಹುದು. ಒತ್ತಿದ ತಕ್ಷಣ ಬಟನ್ನಿನ ರೂಪ ಬದಲಿಸಿ, ಭಾರದ ಕೆಲಸವನ್ನು ಅದರ ನಂತರಕ್ಕೆ ತಳ್ಳುವುದು. 50 ಮಿಲಿಸೆಕೆಂಡ್ ಮೀರುವ ಕೆಲಸವನ್ನು ತುಂಡು ಮಾಡಿ ನಡುವೆ ಬ್ರೌಸರ್‌ಗೆ ಉಸಿರಾಡಲು ಬಿಡುವುದು. ದೊಡ್ಡ ಲೆಕ್ಕಾಚಾರವನ್ನು ವೆಬ್ ವರ್ಕರ್ ಎಂಬ ಬೇರೆ ಸಾಲಿಗೆ ಕಳಿಸುವುದು. ಹಣ ಕಟ್ಟುವ ಬಟನ್ ಆಗಿದ್ದರೆ ಮೊದಲ ಒತ್ತಿಗೇ ಅದನ್ನು ನಿಷ್ಕ್ರಿಯಗೊಳಿಸಿ. ಅಷ್ಟಕ್ಕೇ ಬಿಡಬೇಡಿ, ಒಂದೇ ಆರ್ಡರ್ ಎರಡು ಸಲ ಬಂದರೆ ಸರ್ವರ್ ಕೂಡ ಗುರುತಿಸಿ ಎರಡನೆಯದನ್ನು ತಿರಸ್ಕರಿಸಬೇಕು. ಪ್ರತಿಕ್ರಿಯೆ ಕಾಣದಿದ್ದರೆ ಜನ ಮತ್ತೆ ಒತ್ತಿಯೇ ಒತ್ತುತ್ತಾರೆ.

ಪ್ರಶ್ನೆ (ಶಿವಮೊಗ್ಗ): ನಮ್ಮ ಸೀರೆ ಅಂಗಡಿಯ ತಾಣದಲ್ಲಿ ಐದು ಚಿತ್ರಗಳ ಸ್ಲೈಡರ್ ಇದೆ. ಲ್ಯಾಪ್‌ಟಾಪ್‌ನಲ್ಲಿ ನುಣುಪಾಗಿ ಜಾರುತ್ತದೆ, ಗ್ರಾಹಕರ ಸಾಧಾರಣ ಫೋನ್‌ಗಳಲ್ಲಿ ತಡವರಿಸುತ್ತದೆ. ಫೋನೇ ದುರ್ಬಲ ಎಂದು ಬಿಟ್ಟುಬಿಡುವುದೇ?

ಉತ್ತರ: ಬಿಡಬೇಡಿ. ನಿಮ್ಮ ಗ್ರಾಹಕರ ಕೈಯಲ್ಲಿರುವುದು ಅದೇ ಫೋನ್.

ಮೊದಲು ಗಡುವಿನ ಲೆಕ್ಕ. ಸಾಮಾನ್ಯ ತೆರೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಅಂದರೆ ಒಂದು ಫ್ರೇಮ್ ಸಿದ್ಧಪಡಿಸಲು ಬ್ರೌಸರ್‌ಗೆ ಸಿಗುವುದು 16.7 ಮಿಲಿಸೆಕೆಂಡ್. ಸೆಕೆಂಡಿಗೆ 120 ಸಲ ಹೊಸದಾಗುವ 120 ಹರ್ಟ್ಸ್ ತೆರೆಯಾದರೆ 8.3 ಮಾತ್ರ. ಗಡುವು ತಪ್ಪಿದ ಫ್ರೇಮ್ ಬರುವುದೇ ಇಲ್ಲ, ಹಳೆಯದೇ ಇನ್ನೊಂದು ಕ್ಷಣ ನಿಲ್ಲುತ್ತದೆ. ಕಣ್ಣಿಗೆ ತಡವರಿಕೆಯಾಗಿ ಕಾಣುವುದು ಇದೇ.

ನಿಮ್ಮ ಸ್ಲೈಡರ್ ಚಿತ್ರಗಳನ್ನು ಯಾವ ಗುಣದಿಂದ ಸರಿಸುತ್ತಿದೆ ಎಂದು ಪರೀಕ್ಷಿಸಿ. ಲೆಫ್ಟ್, ಮಾರ್ಜಿನ್, ವಿಡ್ತ್ ಇವುಗಳನ್ನು ಬದಲಿಸುತ್ತಿದ್ದರೆ ಪ್ರತಿ ಫ್ರೇಮಿಗೂ ಲೇಔಟ್, ಪೇಂಟ್, ಕಾಂಪೊಸಿಟ್ ಮೂರೂ ಆಗಬೇಕು. ಟ್ರಾನ್ಸ್‌ಫಾರ್ಮ್ ಗುಣದಿಂದ ಸರಿಸಿದರೆ ಕಾಂಪೊಸಿಟ್ ಒಂದೇ ಸಾಕು. ಚಿತ್ರ ಆಗಲೇ ಒಂದು ಪದರವಾಗಿ ಸಿದ್ಧವಿರುತ್ತದೆ, ಅದನ್ನು ಗ್ರಾಫಿಕ್ಸ್ ಚಿಪ್ ಪಕ್ಕಕ್ಕೆ ತಳ್ಳುತ್ತದೆ ಅಷ್ಟೆ. ಮಸುಕಾಗಿ ಮಾಯವಾಗುವ ಪರಿಣಾಮಕ್ಕೆ ಒಪಾಸಿಟಿಯೂ ಹೀಗೇ ಅಗ್ಗ. ಪುಟದ ಶೈಲಿ ಬರೆಯುವ ಸಿಎಸ್‌ಎಸ್‌ನ ಆನಿಮೇಶನ್‌ನಲ್ಲಿ ಈ ಎರಡನ್ನೇ ಬಳಸಿದರೆ ಇನ್ನೊಂದು ಲಾಭ: ಅದು ಮೇನ್ ಥ್ರೆಡ್‌ನಿಂದ ಆಚೆ ನಡೆಯುತ್ತದೆ. ಸ್ಕ್ರಿಪ್ಟ್ ಎಲ್ಲಾದರೂ ಸಿಕ್ಕಿಕೊಂಡರೂ ಚಲನೆ ನಿಲ್ಲುವುದಿಲ್ಲ.

ಜಾವಾಸ್ಕ್ರಿಪ್ಟ್‌ನಿಂದಲೇ ಚಲಿಸಬೇಕಿದ್ದರೆ ‘ಪ್ರತಿ 16 ಮಿಲಿಸೆಕೆಂಡಿಗೆ ಒಮ್ಮೆ’ ಎಂದು ಟೈಮರ್ ಇಡಬೇಡಿ. ತೆರೆಯ ಲಯಕ್ಕೆ ಅದು ಹೊಂದುವುದಿಲ್ಲ. ತೆರೆ ಹೊಸದಾಗುವ ಮುನ್ನ ನಿಮ್ಮ ಕೋಡನ್ನು ಕರೆಯುವ ರಿಕ್ವೆಸ್ಟ್ ಆನಿಮೇಶನ್ ಫ್ರೇಮ್ ಬಳಸಿ, ಪ್ರತಿ ಸಲ ಕಳೆದ ಸಮಯವನ್ನು ನೋಡಿ ಎಷ್ಟು ಸರಿಸಬೇಕೆಂದು ಲೆಕ್ಕ ಹಾಕಿ. ‘ಪ್ರತಿ ಫ್ರೇಮಿಗೆ 5 ಪಿಕ್ಸೆಲ್’ ಎಂದು ಬರೆದರೆ 120 ಹರ್ಟ್ಸ್ ಫೋನ್‌ನಲ್ಲಿ ಸ್ಲೈಡರ್ ಇಮ್ಮಡಿ ವೇಗದಲ್ಲಿ ಓಡುತ್ತದೆ. ಇನ್ನೊಂದು ಗುಪ್ತ ದೋಷ: ಒಂದು ಚಿತ್ರದ ಅಗಲ ಬದಲಿಸಿ, ಕೂಡಲೇ ಮುಂದಿನದರ ಅಗಲ ಓದಿ, ಅದನ್ನೂ ಬದಲಿಸಿ, ಹೀಗೆ ಲೂಪ್ ನಡೆಸುವುದು. ಬದಲಿಸಿದ ಮೇಲೆ ಅಳತೆ ಕೇಳಿದರೆ ಬ್ರೌಸರ್ ಆ ಕ್ಷಣವೇ ಲೇಔಟ್ ಮುಗಿಸಬೇಕಾಗುತ್ತದೆ. ಮೊದಲು ಎಲ್ಲವನ್ನೂ ಓದಿ, ಆಮೇಲೆ ಎಲ್ಲವನ್ನೂ ಬರೆಯಿರಿ.

ಆದರೂ ಸೀರೆ ಅಂಗಡಿ ಎಂದಿರಿ. ನಮ್ಮ ಅನುಮಾನ ಚಿತ್ರಗಳ ಮೇಲೆಯೇ. ಕ್ಯಾಮೆರಾದಿಂದ ಬಂದ 4000 × 3000 ಪಿಕ್ಸೆಲ್ ಚಿತ್ರವನ್ನು ಹಾಗೇ ಹಾಕಿದ್ದೀರಾ? ಜೆಪೆಗ್ ಕಡತ 3 ಎಂಬಿ ಇರಬಹುದು, ಬಿಚ್ಚಿದಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಬೇಕು. ಒಂದು ಚಿತ್ರಕ್ಕೆ 48 ಎಂಬಿ, ಐದಕ್ಕೆ 240 ಎಂಬಿ ಮೆಮೊರಿ. ಸಾಧಾರಣ ಫೋನ್ ಇಲ್ಲೇ ಏದುಸಿರು ಬಿಡುತ್ತದೆ. ಕಡತವನ್ನು ಎಷ್ಟೇ ಹಿಂಡಿದರೂ ಈ ಲೆಕ್ಕ ಬದಲಾಗದು, ಪಿಕ್ಸೆಲ್‌ಗಳನ್ನೇ ಕಡಿಮೆ ಮಾಡಬೇಕು. ಫೋನಿಗೆ 800 ರಿಂದ 1080 ಪಿಕ್ಸೆಲ್ ಅಗಲ ಧಾರಾಳ. ಸೋರ್ಸ್ ಸೆಟ್ ಗುಣದಲ್ಲಿ ಎರಡು ಮೂರು ಅಳತೆಗಳನ್ನು ಕೊಟ್ಟರೆ ಬ್ರೌಸರ್ ತನಗೆ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ಮೊದಲ ಚಿತ್ರವನ್ನು ನೇರವಾಗಿ ತರಿಸಿ, ಉಳಿದ ನಾಲ್ಕಕ್ಕೆ ಲೇಜಿ ಲೋಡಿಂಗ್ (ಬೇಕಾದಾಗ ಮಾತ್ರ ತರಿಸುವುದು) ಹಾಕಿ. ಅಗಲ, ಎತ್ತರವನ್ನು ಟ್ಯಾಗ್‌ನಲ್ಲೇ ನಮೂದಿಸಿ, ಇಲ್ಲದಿದ್ದರೆ ಚಿತ್ರ ಬಂದ ಕೂಡಲೇ ಕೆಳಗಿನ ಬರಹ ಧಡಕ್ಕನೆ ಜಾರುತ್ತದೆ.

‘ವಿಲ್ ಚೇಂಜ್’ ಎಂಬ ಗುಣವನ್ನು ಎಲ್ಲದಕ್ಕೂ ಹಚ್ಚಿದರೆ ವೇಗ ಬರುತ್ತದೆ ಎಂಬ ಸಲಹೆ ಓಡಾಡುತ್ತಿದೆ. ಅದು ಪ್ರತಿಯೊಂದಕ್ಕೂ ಬೇರೆ ಪದರ ಮಾಡಿಸುತ್ತದೆ. 1080 × 2400 ತೆರೆ ತುಂಬುವ ಒಂದು ಪದರಕ್ಕೇ ಸುಮಾರು 10 ಎಂಬಿ. ನಿಜವಾಗಿ ಚಲಿಸುವ ಒಂದೆರಡಕ್ಕೆ ಮಾತ್ರ ಕೊಡಿ.

ಪರೀಕ್ಷೆ ಹೀಗೆ ಮಾಡಿ: ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಪರ್ಫಾರ್ಮೆನ್ಸ್ ವಿಭಾಗ ತೆರೆದು ಸಿಪಿಯು ವೇಗವನ್ನು 4 ಅಥವಾ 6 ಪಟ್ಟು ನಿಧಾನಗೊಳಿಸಿ, ಸ್ಲೈಡರ್ ಎರಡು ಸಲ ಜಾರುವಷ್ಟು ಹೊತ್ತು ರೆಕಾರ್ಡ್ ಮಾಡಿ. ನೇರಳೆ ಪಟ್ಟಿಗಳು ತುಂಬಿದ್ದರೆ ಲೇಔಟ್, ಹಸಿರು ತುಂಬಿದ್ದರೆ ಪೇಂಟ್, ಹಳದಿ ತುಂಬಿದ್ದರೆ ಸ್ಕ್ರಿಪ್ಟ್ ಕಾರಣ. ಆಮೇಲೆ ನಿಜವಾದ ಸಾಧಾರಣ ಫೋನ್ ಒಂದನ್ನು ಯುಎಸ್‌ಬಿಯಲ್ಲಿ ಜೋಡಿಸಿ ಅದರಲ್ಲೂ ನೋಡಿ.

ಮತ್ತೊಂದು ಮಾತು, ನೀವು ಕೇಳದಿದ್ದರೂ: ಕೈಯಿಂದ ಸರಿಸುವ ಚಿತ್ರಸಾಲಿಗೆ ಈಗ ಸ್ಕ್ರಿಪ್ಟೇ ಬೇಕಿಲ್ಲ. ಅಡ್ಡಲಾಗಿ ಸ್ಕ್ರೋಲ್ ಆಗುವ ಒಂದು ಪೆಟ್ಟಿಗೆ, ಅದಕ್ಕೆ ಸಿಎಸ್‌ಎಸ್‌ನ ಸ್ಕ್ರೋಲ್ ಸ್ನ್ಯಾಪ್ ಗುಣ. ಬೆರಳು ಬಿಟ್ಟಾಗ ಚಿತ್ರ ತಾನೇ ಜಾಗಕ್ಕೆ ಕೂರುತ್ತದೆ.

ಪ್ರಶ್ನೆ (ಧಾರವಾಡ): ಶೀರ್ಷಿಕೆ ಒಂದೊಂದೇ ಅಕ್ಷರವಾಗಿ ಟೈಪ್ ಆಗುವ ಪರಿಣಾಮ ಹಾಕಿದೆವು. ಇಂಗ್ಲಿಷ್‌ನಲ್ಲಿ ಸರಿ, ಕನ್ನಡದಲ್ಲಿ ಒತ್ತಕ್ಷರಗಳು ಒಡೆದು ಅವತಾರವೇ ಬೇರೆಯಾಗುತ್ತದೆ. ಇನ್ನೊಂದು ಕಡೆ ಅಕ್ಷರಗಳ ಕೆಳಭಾಗವೇ ಕತ್ತರಿಸಿ ಹೋಗಿದೆ.

ಉತ್ತರ: ಬಹುತೇಕ ಆನಿಮೇಶನ್ ಲೈಬ್ರರಿಗಳು ಬರಹವನ್ನು ಯೂನಿಕೋಡ್ ಚಿಹ್ನೆಗಳ ಪ್ರಕಾರ ಕತ್ತರಿಸುತ್ತವೆ. ಕನ್ನಡದಲ್ಲಿ ಒಂದು ಅಕ್ಷರ ಎಂದರೆ ಒಂದು ಚಿಹ್ನೆಯಲ್ಲ. ‘ಕರ್ನಾಟಕ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರ್‌ಗೆ ಏಳು ಚಿಹ್ನೆ: ಕ, ರ, ಹಲಂತ, ನ, ಆಕಾರದ ಗುಣಿತ, ಟ, ಕ. ಒಂದೊಂದೇ ತೋರಿಸುತ್ತ ಹೋದರೆ ಮೊದಲು ‘ಕರ’ ಎಂದು ಬರುತ್ತದೆ, ಆಮೇಲೆ ‘ಕರ್’, ನಂತರ ನ ಸೇರಿದ ಕೂಡಲೇ ರ ಅಲ್ಲಿಂದ ಮಾಯವಾಗಿ ನಕಾರದ ಆಚೆ ಅರ್ಕಾವೊತ್ತಾಗಿ ಹಾರಿ ಕೂರುತ್ತದೆ. ‘ಸ್ತ್ರೀ’ ಒಂದೇ ಅಕ್ಷರ, ಆರು ಚಿಹ್ನೆ. ಅದು ಟೈಪ್ ಆಗುವುದನ್ನು ನೋಡಿದರೆ ನಗು ಬರುತ್ತದೆ.

ಪ್ರತಿ ಅಕ್ಷರ ಬೇರೆಬೇರೆಯಾಗಿ ಪುಟಿಯುವ ಪರಿಣಾಮದಲ್ಲಿ ಇದು ಇನ್ನೂ ಕೆಡುತ್ತದೆ. ಅಲ್ಲಿ ಪ್ರತಿ ಚಿಹ್ನೆಯನ್ನೂ ಸ್ಪ್ಯಾನ್ ಟ್ಯಾಗ್‌ನಲ್ಲಿಟ್ಟು, ಟ್ರಾನ್ಸ್‌ಫಾರ್ಮ್ ಹಿಡಿಯಲೆಂದು ಅದನ್ನು ಇನ್‌ಲೈನ್ ಬ್ಲಾಕ್ ಮಾಡುತ್ತಾರೆ. ಒಂದೊಂದು ತುಂಡೂ ಪ್ರತ್ಯೇಕ ಪೆಟ್ಟಿಗೆಯಾದ ಮೇಲೆ ಫಾಂಟ್‌ಗೆ ಪಕ್ಕದ ಚಿಹ್ನೆ ಕಾಣುವುದಿಲ್ಲ, ಒತ್ತಕ್ಷರ ಕೂಡಿಕೊಳ್ಳುವುದೇ ಇಲ್ಲ. ಒಂಟಿಯಾದ ಗುಣಿತ ಚಿಹ್ನೆಗಳು ಚುಕ್ಕಿಗಳ ವೃತ್ತದೊಂದಿಗೆ ಕಾಣಿಸಿಕೊಳ್ಳುತ್ತವೆ.

ಪರಿಹಾರಕ್ಕೆ ಬ್ರೌಸರ್‌ಗಳಲ್ಲೇ ಬರಹವನ್ನು ಅಕ್ಷರಗಳಾಗಿ ಬಿಡಿಸುವ ಇಂಟ್ಲ್ ಸೆಗ್ಮೆಂಟರ್ ಎಂಬ ಸೌಲಭ್ಯವಿದೆ. ಫೈರ್‌ಫಾಕ್ಸ್‌ಗೆ ಅದು ತಡವಾಗಿ, 2024ರಲ್ಲಿ ಬಂತು. ಗುಣಿತಗಳನ್ನು ಅದು ವ್ಯಂಜನದ ಜೊತೆಗೇ ಇಡುತ್ತದೆ. ಆದರೆ ಕನ್ನಡದ ಒತ್ತಕ್ಷರಗಳನ್ನು ಒಂದು ಘಟಕವಾಗಿ ಹಿಡಿಯುತ್ತದೆ ಎಂದು ನಂಬಿ ಕೂರಬೇಡಿ. ‘ಕರ್ನಾಟಕ’ವನ್ನು ಕ, ರ್, ನಾ, ಟ, ಕ ಎಂದು ಐದು ತುಂಡು ಮಾಡಿ ಕೊಡುತ್ತದೆ. ಅದರ ಮೇಲೆ ನೀವೇ ಒಂದು ನಿಯಮ ಸೇರಿಸಬೇಕು: ತುಂಡು ಹಲಂತದಲ್ಲಿ ಮುಗಿದಿದ್ದು, ಮುಂದಿನ ತುಂಡು ಕನ್ನಡ ವ್ಯಂಜನದಿಂದ ಶುರುವಾಗಿದ್ದರೆ ಎರಡನ್ನೂ ಅಂಟಿಸಿ. ಎರಡನೆಯ ಷರತ್ತು ಬಿಡಬೇಡಿ. ‘ಬಸ್ ನಿಲ್ದಾಣ’ದಲ್ಲಿ ಸ್ ಆದ ಮೇಲೆ ಖಾಲಿ ಜಾಗವಿದೆ, ಅಲ್ಲಿ ಅಂಟಿಸಬಾರದು. ‘ರಾಜ್‌ಕುಮಾರ್’ ತರಹದ ಪದದಲ್ಲಿ ಜ್ ಆದ ಮೇಲೆ ಒತ್ತಾಗದಂತೆ ತಡೆಯುವ ಅದೃಶ್ಯ ಚಿಹ್ನೆಯಿರುತ್ತದೆ, ಆ ತುಂಡು ಹಲಂತದಲ್ಲಿ ಮುಗಿಯುವುದಿಲ್ಲ. ಹಾಗಾಗಿ ನಿಯಮ ಅದನ್ನು ಅಂಟಿಸದೆ ಸರಿಯಾಗಿಯೇ ಬಿಟ್ಟುಬಿಡುತ್ತದೆ.

ಇಷ್ಟೆಲ್ಲ ಬೇಡ ಎನ್ನುವವರು ಪದಪದವಾಗಿ ತೋರಿಸಿ. ಖಾಲಿ ಜಾಗದಲ್ಲಿ ಕತ್ತರಿಸಿದರೆ ಏನೂ ಒಡೆಯುವುದಿಲ್ಲ. ಕನ್ನಡದ ಉದ್ದುದ್ದ ಪದಗಳಿಗೆ ಅದೇ ಚೆಂದವೂ ಹೌದು. ಯಾವ ದಾರಿ ಹಿಡಿದರೂ ಪೂರ್ತಿ ವಾಕ್ಯವನ್ನು ಕಣ್ಣಿಗೆ ಕಾಣದಂತೆ ಒಂದು ಕಡೆ ಇಟ್ಟು, ತುಂಡುಗಳಿಗೆ ಏರಿಯಾ ಹಿಡನ್ (ಸ್ಕ್ರೀನ್ ರೀಡರ್‌ನಿಂದ ಮರೆಮಾಡುವ ಗುಣ) ಹಾಕಿ. ಇಲ್ಲದಿದ್ದರೆ ದೃಷ್ಟಿಹೀನರ ಸ್ಕ್ರೀನ್ ರೀಡರ್ ‘ಕ, ರ್ನಾ, ಟ, ಕ’ ಎಂದು ಬಿಡಿಬಿಡಿಯಾಗಿ ಓದೀತು.

ಕೆಳಭಾಗ ಕತ್ತರಿಸುವುದು ಬೇರೆ ರೋಗ. ಇಂಗ್ಲಿಷ್‌ಗಾಗಿ ಮಾಡಿದ ಥೀಮ್‌ಗಳಲ್ಲಿ ಶೀರ್ಷಿಕೆಯ ಲೈನ್ ಹೈಟ್ 1.1 ಅಥವಾ 1.2 ಇರುತ್ತದೆ. ಪದ ಕೆಳಗಿಂದ ಮೇಲೇಳುವ ಪರಿಣಾಮಕ್ಕಾಗಿ ಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಅಡಗಿಸುವ ಗುಣ) ಹಾಕಿರುತ್ತಾರೆ. ನಮ್ಮ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ಸ್ತ್ರೀ’ಯಂಥ ಎರಡು ಒತ್ತಿನ ಅಕ್ಷರವಂತೂ ಇನ್ನೂ ಕೆಳಗೆ. ಲೈನ್ ಹೈಟ್ 1.6ರ ಆಸುಪಾಸು ಇಡಿ, ಪೆಟ್ಟಿಗೆಯ ಕೆಳಗೆ ಅಕ್ಷರದ ಅಳತೆಯ ಮೂರನೇ ಒಂದರಷ್ಟು ಪ್ಯಾಡಿಂಗ್ ಕೊಡಿ. ಪದಗಳ ಅಗಲವನ್ನು ಸ್ಕ್ರಿಪ್ಟ್ ಅಳೆಯುತ್ತಿದ್ದರೆ ಕನ್ನಡ ಫಾಂಟ್ ಪೂರ್ತಿ ಬಂದ ಮೇಲೆಯೇ ಅಳೆಯಲಿ. ಮೊದಲೇ ಅಳೆದರೆ ಫೋನಿನ ಸ್ವಂತ ಫಾಂಟಿನ ಅಗಲ ಹಿಡಿದುಕೊಂಡು, ನಿಮ್ಮ ಫಾಂಟ್ ಬಂದಾಗ ಎಲ್ಲ ಅಡ್ಡಾದಿಡ್ಡಿಯಾಗುತ್ತದೆ.

ಪ್ರಶ್ನೆ (ಮಂಗಳೂರು): ಗ್ರಂಥಾಲಯದ ತಾಣದಲ್ಲಿ ಟೈಪ್ ಮಾಡುತ್ತಿದ್ದ ಹಾಗೆ ಪುಸ್ತಕದ ಹೆಸರು ಸೂಚಿಸುವ ಹುಡುಕು ಪೆಟ್ಟಿಗೆ ಇದೆ. ಕೆಲವೊಮ್ಮೆ ಹಳೆಯ ಸೂಚನೆಗಳೇ ಉಳಿದುಬಿಡುತ್ತವೆ. ಪಟ್ಟಿಯಲ್ಲಿರುವ ಹೆಸರೇ ಕೆಲವು ಸಲ ಸಿಗುವುದಿಲ್ಲ.

ಉತ್ತರ: ಎರಡಕ್ಕೂ ಕಾರಣ ಬೇರೆ. ಹಳೆಯ ಸೂಚನೆ ಉಳಿಯುವುದು ಉತ್ತರಗಳು ಹಿಂದುಮುಂದಾಗಿ ಬರುವುದರಿಂದ. ನೀವು ‘ಕಾ’ ಹೊಡೆದಾಗ ಒಂದು ಕೋರಿಕೆ ಹೋಯಿತು, ‘ಕಾಡು’ ಹೊಡೆದಾಗ ಇನ್ನೊಂದು. ಮೊದಲನೆಯದಕ್ಕೆ ಉತ್ತರ ದೊಡ್ಡದು, ತಡವಾಗಿ ಬಂದು ಎರಡನೆಯದರ ಮೇಲೆ ಕೂತಿತು. ಹೊಸ ಕೋರಿಕೆ ಕಳಿಸುವಾಗ ಹಳೆಯದನ್ನು ಅಬಾರ್ಟ್ ಕಂಟ್ರೋಲರ್‌ನಿಂದ ರದ್ದು ಮಾಡಿ, ಇಲ್ಲವೇ ಪ್ರತಿ ಕೋರಿಕೆಗೂ ಕ್ರಮಸಂಖ್ಯೆ ಕೊಟ್ಟು ಕೊನೆಯದನ್ನು ಮಾತ್ರ ತೋರಿಸಿ. ಪ್ರತಿ ಕೀಲಿಗೂ ಸರ್ವರ್‌ಗೆ ಓಡಬೇಡಿ, ಬೆರಳು ನಿಂತು 300 ಮಿಲಿಸೆಕೆಂಡ್ ಆದ ಮೇಲೆ ಕೇಳಿದರೆ ಸಾಕು. ಡಿಬೌನ್ಸ್ ಎನ್ನುವುದು ಇದನ್ನೇ.

ಟೈಪ್ ಆದದ್ದನ್ನು ತಿಳಿಯಲು ಕೀಲಿ ಒತ್ತಿದಾಗ ಬರುವ ಕೀಡೌನ್ ಈವೆಂಟನ್ನು ನೆಚ್ಚಿಕೊಳ್ಳಬೇಡಿ. ಆಂಡ್ರಾಯ್ಡ್ ಕೀಬೋರ್ಡ್‌ಗಳು ಬಹುಪಾಲು ಕೀಲಿಗಳಿಗೆ 229 ಎಂಬ ಒಂದೇ ಸಂಖ್ಯೆ ಕಳಿಸುತ್ತವೆ. ಪದ ರಚನೆ ಮುಗಿದ ಮೇಲೆ ಬರುವ ಕಾಂಪೊಸಿಷನ್ ಎಂಡ್‌ಗೆ ಕಾದರೆ ಫೋನ್‌ನಲ್ಲಿ ಸ್ಪೇಸ್ ಒತ್ತುವವರೆಗೂ ಸೂಚನೆ ಬಾರದಿರಬಹುದು. ಪೆಟ್ಟಿಗೆಯ ಬರಹ ಬದಲಾದಾಗೆಲ್ಲ ಬರುವ ಇನ್‌ಪುಟ್ ಈವೆಂಟ್ ಮತ್ತು ಡಿಬೌನ್ಸ್ ಜೋಡಿ ಫೋನ್, ಕಂಪ್ಯೂಟರ್ ಎರಡರಲ್ಲೂ ನಡೆಯುತ್ತದೆ.

ಇನ್ನು ಸಿಗದ ಹೆಸರು. ‘ಕೊ’ ಎಂಬುದನ್ನು ಎರಡು ರೀತಿ ದಾಖಲಿಸಬಹುದು: ಕ ಜೊತೆ ಒಕಾರದ ಒಂದೇ ಚಿಹ್ನೆ, ಅಥವಾ ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳು. ತೆರೆಯ ಮೇಲೆ ವ್ಯತ್ಯಾಸ ಕಾಣದು, ಹೋಲಿಕೆ ಮಾತ್ರ ಸೋಲುತ್ತದೆ. ಉಳಿಸುವಾಗಲೂ ಹುಡುಕುವಾಗಲೂ ಬರಹವನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತಂದರೆ ಇದು ಬಗೆಹರಿಯುತ್ತದೆ. ಒತ್ತಕ್ಷರವನ್ನು ನಿಯಂತ್ರಿಸುವ ಅದೃಶ್ಯ ಚಿಹ್ನೆಗಳು ಎನ್‌ಎಫ್‌ಸಿಯಲ್ಲೂ ಉಳಿಯುತ್ತವೆ. ಅವನ್ನು ತೋರಿಸುವ ಬರಹದಲ್ಲಿ ಇಟ್ಟುಕೊಂಡು, ಹೋಲಿಕೆಯ ಪ್ರತಿಯಿಂದ ಮಾತ್ರ ತೆಗೆದುಹಾಕಿ. ಹಳೆಯ ನುಡಿ, ಬರಹ ಫಾಂಟ್‌ಗಳ ಕಾಲದಲ್ಲಿ ತುಂಬಿದ ದಾಖಲೆಗಳಿದ್ದರೆ ಅವು ಯೂನಿಕೋಡೇ ಅಲ್ಲದಿರಬಹುದು. ಮೊದಲು ಪರಿವರ್ತಿಸಿ, ಆಮೇಲೆ ಹುಡುಕಾಟದ ಮಾತು.

ಪ್ರಶ್ನೆ (ಹಾಸನ): ಕಚೇರಿಯ ತಾಣದಲ್ಲಿ ‘ಹೊಸ ಪ್ರಕಟಣೆ’ಗಳು ಓಡುತ್ತಿರಬೇಕು ಎನ್ನುತ್ತಾರೆ. ಬರಹ ಓಡಿಸುವ ಮಾರ್ಕೀ ಟ್ಯಾಗ್ ಬಳಸಬಹುದೇ?

ಉತ್ತರ: ಬ್ರೌಸರ್‌ಗಳಲ್ಲಿ ಇಂದಿಗೂ ಓಡುತ್ತದೆ, ಆದರೆ ಎಚ್‌ಟಿಎಂಎಲ್ 5 ಅದನ್ನು ಕೈಬಿಟ್ಟಾಗಿದೆ. ನಿಜವಾದ ತೊಂದರೆ ಬೇರೆ: ಓಡುವ ಲಿಂಕನ್ನು ಬೆರಳಿನಿಂದ ಹಿಡಿಯುವುದು ಕಷ್ಟ, ನಿಧಾನವಾಗಿ ಓದುವವರಿಗೆ ಸಾಲು ಮುಗಿಯುವ ಮೊದಲೇ ಜಾರಿ ಹೋಗುತ್ತದೆ. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವುದಕ್ಕೆ ನಿಲ್ಲಿಸುವ ಬಟನ್ ಇರಲೇಬೇಕು ಎಂದು ವೆಬ್ ಸುಲಭಲಭ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮೂರು ಪ್ರಕಟಣೆಗಳನ್ನು ದಿನಾಂಕದೊಂದಿಗೆ ಸುಮ್ಮನೆ ನಿಲ್ಲಿಸಿ ತೋರಿಸಿ. ಮೇಲಧಿಕಾರಿಗಳು ಒಪ್ಪದಿದ್ದರೆ ಸಿಎಸ್‌ಎಸ್ ಆನಿಮೇಶನ್‌ನಲ್ಲಿ ಓಡಿಸಿ, ಪಕ್ಕದಲ್ಲಿ ‘ನಿಲ್ಲಿಸಿ’ ಬಟನ್ ಇಡಿ.

ಪ್ರಶ್ನೆ (ಬಳ್ಳಾರಿ): ನಮ್ಮ ಯಂತ್ರ ಕೆಲಸ ಮಾಡುವುದನ್ನು ತೋರಿಸುವ 8 ಸೆಕೆಂಡಿನ ಜಿಫ್ 14 ಎಂಬಿ ಆಗಿದೆ. ಎಂಪಿ4 ಮಾಡಿದರೆ ಐಫೋನ್‌ನಲ್ಲಿ ತಾನಾಗಿ ಓಡುವುದಿಲ್ಲ.

ಉತ್ತರ: ಜಿಫ್ 1987ರದು. ಒಂದು ಫ್ರೇಮಿಗೆ 256 ಬಣ್ಣ ಮಾತ್ರ. ಫ್ರೇಮ್‌ನಿಂದ ಫ್ರೇಮ್‌ಗೆ ವಸ್ತು ಎಲ್ಲಿಗೆ ಸರಿಯಿತು ಎಂದು ಲೆಕ್ಕ ಹಾಕಿ ಹಿಂಡುವ ಬುದ್ಧಿ ಅದಕ್ಕಿಲ್ಲ. ಕೋಡೆಕ್ ಎಂಬ ವಿಡಿಯೊ ಹಿಂಡುವ ವಿಧಾನಗಳು ಮಾಡುವುದೇ ಅದನ್ನು, ಅದಕ್ಕೇ ಕ್ಯಾಮೆರಾ ದೃಶ್ಯಗಳಿಗೆ ಎಂಪಿ4 ಎಷ್ಟೋ ಪಾಲು ಚಿಕ್ಕದಾಗುತ್ತದೆ. ನಾಲ್ಕು ಬಣ್ಣದ ಸಣ್ಣ ಐಕಾನ್ ತಿರುಗಿಸಬೇಕಿದ್ದರೆ ಎರಡೂ ಬೇಡ, ಎಸ್‌ವಿಜಿ (ಗೆರೆ, ಆಕಾರಗಳ ಲೆಕ್ಕದ ಚಿತ್ರ) ಮತ್ತು ಸಿಎಸ್‌ಎಸ್ ಕೆಲವೇ ಕೆಬಿಯಲ್ಲಿ ಮುಗಿಸುತ್ತವೆ.

ಐಫೋನ್‌ಗೆ ವಿಡಿಯೊ ಟ್ಯಾಗ್‌ನಲ್ಲಿ ಆಟೊಪ್ಲೇ, ಮ್ಯೂಟೆಡ್, ಲೂಪ್, ಪ್ಲೇಸ್ ಇನ್‌ಲೈನ್ ನಾಲ್ಕೂ ಇರಬೇಕು. ಮ್ಯೂಟೆಡ್ ಇಲ್ಲದಿದ್ದರೆ ಓಡದು, ಪ್ಲೇಸ್ ಇನ್‌ಲೈನ್ ಇಲ್ಲದಿದ್ದರೆ ಪುಟದ ನಡುವೆ ತಾನಾಗಿ ಶುರುವಾಗದು. ಅಷ್ಟಾದರೂ ಓಡದಿದ್ದರೆ ಫೋನ್ ಲೋ ಪವರ್ ಮೋಡ್‌ನಲ್ಲಿದೆಯೇ ನೋಡಿ. ಆಗ ಆಟೊಪ್ಲೇ ನಿಂತಿರುತ್ತದೆ. ಹಾಗಾಗಿ ಪೋಸ್ಟರ್ ಚಿತ್ರವೊಂದನ್ನು ಕೊಟ್ಟೇ ಇರಿ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಿಂದ ಪರಿವರ್ತಿಸುವಾಗ ಪಿಕ್ಸೆಲ್ ಫಾರ್ಮ್ಯಾಟ್ ವೈಯುವಿ 420ಪಿ ಆಗಿರಲಿ, ಅಗಲ ಎತ್ತರ ಎರಡೂ ಸಮಸಂಖ್ಯೆ ಇರಲಿ, ಫಾಸ್ಟ್ ಸ್ಟಾರ್ಟ್ ಆಯ್ಕೆ ಹಾಕಿ. ಈ ಕೊನೆಯದು ಕಡತದ ಸೂಚಿಯನ್ನು ಬಾಲದಿಂದ ತಲೆಗೆ ತರುತ್ತದೆ, ಪೂರ್ತಿ ಇಳಿಯುವ ಮೊದಲೇ ವಿಡಿಯೊ ಶುರುವಾಗುತ್ತದೆ.

ಪ್ರಶ್ನೆ (ಕಲಬುರಗಿ): ನಮ್ಮ ಶಾಲೆಯಲ್ಲಿ ಫ್ಲ್ಯಾಶ್‌ನಲ್ಲಿ ಮಾಡಿದ ಹಳೆಯ ವಿಜ್ಞಾನ ಪಾಠಗಳ ಸಿಡಿಗಳಿವೆ. ಮತ್ತೆ ಓಡಿಸಲು ದಾರಿ ಇದೆಯೇ?

ಉತ್ತರ: ಇದೆ. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರ್ ತಾನೇ ಪಾಠಗಳನ್ನು ತಡೆಯತೊಡಗಿತು. ಸಿಡಿಯಲ್ಲಿ ಇಎಕ್ಸ್‌ಇ ಕಡತಗಳಿದ್ದರೆ ಮೊದಲು ಅವನ್ನೇ ವಿಂಡೋಸ್‌ನಲ್ಲಿ ತೆರೆದು ನೋಡಿ. ಪ್ಲೇಯರ್ ಒಳಗೇ ಅಡಕವಾಗಿರುವ ಅಂಥ ಕಡತಗಳು ಬ್ರೌಸರ್ ಹಂಗಿಲ್ಲದೆ ಓಡುತ್ತವೆ. ಪ್ಲೇಯರ್ ಅಡಕವಾಗಿಲ್ಲದ ಬರಿಯ ಎಸ್‌ಡಬ್ಲ್ಯುಎಫ್ ಕಡತಗಳಾದರೆ ರಫಲ್ ಎಂಬ ಉಚಿತ ಮುಕ್ತ ತಂತ್ರಾಂಶ ಬಳಸಿ. ಕಂಪ್ಯೂಟರ್‌ನಲ್ಲೂ ಓಡುತ್ತದೆ, ಜಾಲತಾಣದ ಪುಟಕ್ಕೂ ಸೇರಿಸಬಹುದು. ಫ್ಲ್ಯಾಶ್‌ನ ಕೋಡ್ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್ 1 ಮತ್ತು 2ರ ಪಾಠಗಳು ಹೆಚ್ಚಾಗಿ ಸರಿಯಾಗಿ ಓಡುತ್ತವೆ, 3ರಲ್ಲಿ ಮಾಡಿದವುಗಳಲ್ಲಿ ಕೆಲವು ಎಡವುತ್ತವೆ. ‘ಫ್ಲ್ಯಾಶ್ ಪ್ಲೇಯರ್ ಡೌನ್‌ಲೋಡ್’ ಎಂದು ಕರೆಯುವ ಅಪರಿಚಿತ ತಾಣಗಳ ಕಡೆ ತಲೆ ಹಾಕಬೇಡಿ. ಇನ್ನು, ಸಿಡಿಗಳು ಹಾಳಾಗುವ ಮೊದಲು ಎಲ್ಲವನ್ನೂ ಹಾರ್ಡ್‌ಡಿಸ್ಕ್‌ಗೆ ನಕಲಿಸಿಕೊಳ್ಳಿ.

ಪ್ರಶ್ನೆ (ಮೈಸೂರು): ಕ್ರೀಡಾಕೂಟದ ಅಂಕಗಳನ್ನು ನೋಡುಗರು ರಿಫ್ರೆಶ್ ಮಾಡದೆಯೇ ತೋರಿಸಬೇಕು. ವೆಬ್‌ಸಾಕೆಟ್ ಬೇಕೇ ಬೇಕೇ?

ಉತ್ತರ: ಬೇಕಿಲ್ಲ. ನೋಡುಗರು ಕೆಲವೇ ನೂರು ಜನರಾದರೆ ಪುಟವೇ 10 ಸೆಕೆಂಡಿಗೊಮ್ಮೆ ಕೇಳಲಿ, ಅದೇ ಸುಲಭ. 10,000 ಜನ 5 ಸೆಕೆಂಡಿಗೊಮ್ಮೆ ಕೇಳತೊಡಗಿದರೆ ಸೆಕೆಂಡಿಗೆ 2,000 ಕೋರಿಕೆ, ಬಹುಪಾಲಿಗೆ ‘ಬದಲಾವಣೆ ಇಲ್ಲ’ ಎಂಬ ಉತ್ತರ. ಆಗ ಸರ್ವರ್ ಸೆಂಟ್ ಈವೆಂಟ್ಸ್ ಬಳಸಿ. ಒಂದು ಸಂಪರ್ಕ ತೆರೆದೇ ಇರುತ್ತದೆ, ಅಂಕ ಬದಲಾದಾಗ ಮಾತ್ರ ಸರ್ವರ್ ಕಳಿಸುತ್ತದೆ, ಸಂಪರ್ಕ ಕಡಿದರೆ ಬ್ರೌಸರ್ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ವೆಬ್‌ಸಾಕೆಟ್ ಎರಡೂ ಕಡೆಯಿಂದ ಮಾತು ಬೇಕಾದಾಗ: ಚಾಟ್, ಆಟ, ಹರಾಜು.

ಎಡವುವ ಜಾಗಗಳು ನಾಲ್ಕು. ನಿಮ್ಮ ಸರ್ವರ್‌ನ ಮುಂದೆ ಎನ್‌ಜಿನ್‌ಎಕ್ಸ್ ಎಂಬ ಮಧ್ಯವರ್ತಿ ತಂತ್ರಾಂಶ ಇದ್ದರೆ ಅದು ಸಂದೇಶಗಳನ್ನು ಕೂಡಿಟ್ಟುಕೊಂಡು ತಡವಾಗಿ ಬಿಡುತ್ತದೆ, ಆ ದಾರಿಗೆ ಪ್ರಾಕ್ಸಿ ಬಫರಿಂಗ್ ಆಫ್ ಮಾಡಿ. 60 ಸೆಕೆಂಡ್ ಮೌನವಾಗಿದ್ದರೆ ಅದು ಸಂಪರ್ಕವನ್ನೇ ಕಡಿಯುತ್ತದೆ, ಹಾಗಾಗಿ 20 ಸೆಕೆಂಡಿಗೊಮ್ಮೆ ಖಾಲಿ ಟಿಪ್ಪಣಿ ಸಾಲೊಂದನ್ನು ಕಳಿಸುತ್ತಿರಿ. ಹಳೆಯ ಎಚ್‌ಟಿಟಿಪಿ 1.1ರಲ್ಲಿ ಒಂದು ತಾಣಕ್ಕೆ ಬ್ರೌಸರ್ ಆರೇ ಸಂಪರ್ಕ ಕೊಡುತ್ತದೆ. ಏಳನೇ ಟ್ಯಾಬ್ ತೆರೆದವರಿಗೆ ಪುಟವೇ ಬರದು. ಎಚ್‌ಟಿಟಿಪಿ 2 ಹಾಕಿದರೆ ಈ ಕಾಟವಿಲ್ಲ. ಫೋನನ್ನು ಜೇಬಿಗಿಟ್ಟು ಮತ್ತೆ ತೆಗೆದಾಗ ಟ್ಯಾಬ್ ಮಲಗಿದ್ದಿರಬಹುದು. ಪುಟ ಮತ್ತೆ ಕಣ್ಣಿಗೆ ಬಿದ್ದ ಕೂಡಲೇ ಇತ್ತೀಚಿನ ಅಂಕವನ್ನು ಒಮ್ಮೆ ಪೂರ್ತಿ ತರಿಸಿಕೊಳ್ಳಿ.

ಪ್ರಶ್ನೆ (ಉಡುಪಿ): ಕೆಳಗೆ ಸರಿಸಿದಂತೆ ಭಾಗಗಳು ಮೂಡಿಬರುವ ಪರಿಣಾಮ ಹಾಕಿದ್ದೇವೆ. ಕೆಲವರ ಫೋನ್‌ನಲ್ಲಿ ಒಂದು ಭಾಗ ಮೂಡುವುದೇ ಇಲ್ಲ, ಖಾಲಿ. ತಲೆ ಸುತ್ತುತ್ತದೆ ಎಂಬ ದೂರೂ ಬಂದಿದೆ.

ಉತ್ತರ: ಒಂದೇ ಭಾಗ ಬಾರದಿದ್ದರೆ ಅದು ತುಂಬ ಉದ್ದದ ಭಾಗವೇ ನೋಡಿ. ಭಾಗ ತೆರೆಯ ಮೇಲೆ ಎಷ್ಟು ಕಾಣುತ್ತಿದೆ ಎಂದು ನೋಡುವ ಇಂಟರ್‌ಸೆಕ್ಷನ್ ಅಬ್ಸರ್ವರ್‌ಗೆ ‘ಅರ್ಧ ಕಂಡಾಗ ತೋರಿಸು’ ಎಂದು 0.5 ಮಿತಿ ಕೊಟ್ಟಿದ್ದೀರಿ ಅನ್ನಿ. ಫೋನ್‌ನಲ್ಲಿ ಆ ಭಾಗ 2,000 ಪಿಕ್ಸೆಲ್ ಉದ್ದವಾಗಿ, ತೆರೆ 700 ಪಿಕ್ಸೆಲ್ ಇದ್ದರೆ ಒಂದು ಸಲಕ್ಕೆ ಕಾಣುವುದು ಹೆಚ್ಚೆಂದರೆ 0.35. ಅರ್ಧ ಎಂದೂ ಆಗುವುದಿಲ್ಲ. ಮಿತಿಯನ್ನು 0 ಮಾಡಿ, ಬೇಕಿದ್ದರೆ ರೂಟ್ ಮಾರ್ಜಿನ್‌ನಿಂದ ಕ್ಷಣ ಹೊಂದಿಸಿ. ಪುಟ ಪೂರ್ತಿ ಖಾಲಿಯಾದರೆ ಸ್ಕ್ರಿಪ್ಟೇ ಬಂದಿಲ್ಲ. ಸಿಎಸ್‌ಎಸ್‌ನಲ್ಲಿ ಎಲ್ಲವನ್ನೂ ಮೊದಲೇ ಅಡಗಿಸಿಟ್ಟರೆ ಹೀಗಾಗುತ್ತದೆ. ಅಡಗಿಸುವ ಕ್ಲಾಸನ್ನು ಸ್ಕ್ರಿಪ್ಟೇ ಸೇರಿಸಲಿ, ಅದು ಬಾರದಿದ್ದರೆ ಬರಹ ಸುಮ್ಮನೆ ಕಾಣುತ್ತಿರಲಿ.

ತಲೆಸುತ್ತಿನ ದೂರನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಒಳಕಿವಿಯ ಸಮತೋಲನದ ತೊಂದರೆ ಇರುವವರಿಗೆ ದೊಡ್ಡ ಜಾರುವಿಕೆ, ಹಿಗ್ಗುವಿಕೆ, ಹಿನ್ನೆಲೆ ಬೇರೆ ವೇಗದಲ್ಲಿ ಓಡುವ ಪ್ಯಾರಲಾಕ್ಸ್ ನಿಜಕ್ಕೂ ವಾಕರಿಕೆ ತರಿಸುತ್ತವೆ. ದೂರು ಕೊಟ್ಟವರಿಗೆ ದಾರಿ ಹೇಳಿ: ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಮೋಶನ್, ರಿಡ್ಯೂಸ್ ಮೋಶನ್. ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ರಿಮೂವ್ ಆನಿಮೇಶನ್ಸ್. ಫೋನ್ ಕಂಪನಿಗೆ ತಕ್ಕಂತೆ ಜಾಗ ಸ್ವಲ್ಪ ಬದಲಾಗುತ್ತದೆ. ಈ ಎರಡನ್ನೂ ಆನ್ ಮಾಡಬೇಕು. ವಿಂಡೋಸ್ 11ರಲ್ಲಿ ಆಕ್ಸೆಸಿಬಿಲಿಟಿ, ವಿಶುವಲ್ ಎಫೆಕ್ಟ್ಸ್, ಅಲ್ಲಿ ಆನಿಮೇಶನ್ ಎಫೆಕ್ಟ್ಸ್ ಆಫ್ ಮಾಡಬೇಕು. ಅವರು ಹೀಗೆ ಹೊಂದಿಸಿದರೂ ನಿಮ್ಮ ತಾಣ ಕೇಳಿಸಿಕೊಳ್ಳದಿದ್ದರೆ ಫಲವಿಲ್ಲ. ಸಿಎಸ್‌ಎಸ್‌ನ ಪ್ರಿಫರ್ಸ್ ರಿಡ್ಯೂಸ್ಡ್ ಮೋಶನ್ ಷರತ್ತಿನಲ್ಲಿ ಜಾರುವಿಕೆ ತೆಗೆದು, 150 ಮಿಲಿಸೆಕೆಂಡಿನ ಮಸುಕು ಮೂಡುವಿಕೆ ಮಾತ್ರ ಉಳಿಸಿ. ಸ್ಕ್ರಿಪ್ಟ್‌ನಿಂದ ನಡೆಯುವ ಚಲನೆಗೆ ಈ ಷರತ್ತು ತಾನಾಗಿ ಅನ್ವಯಿಸುವುದಿಲ್ಲ, ಅಲ್ಲಿ ಮ್ಯಾಚ್ ಮೀಡಿಯಾದಿಂದ ಬೇರೆಯಾಗಿ ಕೇಳಬೇಕು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವುದನ್ನಂತೂ ಯಾರಿಗೂ ತೋರಿಸಬೇಡಿ. ಮೂರ್ಛೆರೋಗ ಇರುವ ಕೆಲವರಿಗೆ ಅದು ಸೆಳವು ತರಿಸಬಲ್ಲದು.

ಪ್ರಶ್ನೆ (ತುಮಕೂರು): ಮೌಸ್ ತಂದರೆ ತೆರೆಯುವ ನಮ್ಮ ಮೆನು ಫೋನ್‌ನಲ್ಲಿ ತೆರೆಯುವುದಿಲ್ಲ.

ಉತ್ತರ: ಬೆರಳಿಗೆ ‘ಮೇಲೆ ಸುಳಿಯುವುದು’ ಎಂಬ ಸ್ಥಿತಿಯೇ ಇಲ್ಲ. ಮೆನುವನ್ನು ಒತ್ತಿದರೆ ತೆರೆಯುವ ನಿಜವಾದ ಬಟನ್ ಮಾಡಿ, ಸುಳಿದರೆ ತೆರೆಯುವ ಅನುಕೂಲವನ್ನು ಹೋವರ್ (ಮೌಸ್ ಸುಳಿದಾಟ) ಇರುವ ಸಾಧನಗಳಿಗೆ ಮಾತ್ರ, ಸಾಧನ ಎಂಥದೆಂದು ನೋಡುವ ಸಿಎಸ್‌ಎಸ್ ಷರತ್ತಾದ ಮೀಡಿಯಾ ಕ್ವೆರಿಯಲ್ಲಿ ಸೇರಿಸಿ. ಬಟನ್ ಕನಿಷ್ಠ 44 ಪಿಕ್ಸೆಲ್ ಚೌಕವಿರಲಿ. ಟ್ಯಾಬ್ ಕೀಲಿಯಿಂದ ಅಲ್ಲಿಗೆ ಬಂದು ಎಂಟರ್ ಒತ್ತಿದರೆ ತೆರೆಯುತ್ತದೆಯೇ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆಯೇ ಎಂದೂ ನೋಡಿಬಿಡಿ.